ಬಿಸಿಲು ಬಿಟ್ಟು ಕೋಣೆ ಸೇರಿದ ಗಾಂಜಾ: ಚಳಿಯ ದೇಶಗಳಲ್ಲಿ ಆಟೋಫ್ಲವರ್ ಎತ್ತಿರುವ ಪ್ರಶ್ನೆ

2015ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಊರಿನ ಪೊಲೀಸರು ಒಂದು ಬೀದಿಯ ಫೋಟೋ ಹಂಚಿಕೊಂಡಿದ್ದರು. ಸಾಲುಮನೆಗಳ ಚಾವಣಿಯ ಮೇಲೆಲ್ಲ ಬೆಳ್ಳಗೆ ಹಿಮ ಕೂತಿದೆ, ಒಂದು ಮನೆಯ ಹೆಂಚು ಮಾತ್ರ ಬೋಳಾಗಿ ಕಾಣುತ್ತಿದೆ. ಆ ಚಾವಣಿಯ ಕೆಳಗೆ ಗಾಂಜಾ ಬೆಳೆಯುತ್ತಿದ್ದರು. ದೀಪಗಳ ಕಾವು ಅಟ್ಟ ದಾಟಿ ಹೆಂಚಿಗೆ ತಾಗಿ ಹಿಮವನ್ನು ಕರಗಿಸಿತ್ತು. ಮನೆಯೊಳಗೆ ಕರೆಂಟು ಸುಟ್ಟು ಬೇಸಿಗೆಯನ್ನು ತಯಾರಿಸುವುದು, ಆ ಬೇಸಿಗೆ ಚಾವಣಿಯಿಂದ ಸೋರಿ ಹೋಗುವುದು: ದಶಕಗಳಿಂದ ಉತ್ತರದ ದೇಶಗಳಲ್ಲಿ ಈ ಬೆಳೆ ನಡೆದುಬಂದ ರೀತಿ ಬಹುಮಟ್ಟಿಗೆ ಇದೇ.

ಈಗ ಹಲವು ಕಡೆ ಕಾನೂನು ಬದಲಾಗಿದೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಒಂದು ಮನೆಗೆ ನಾಲ್ಕು ಗಿಡ ಬೆಳೆಸಬಹುದು. ಲಕ್ಸೆಂಬರ್ಗ್ 2023ರಲ್ಲಿ ಅದೇ ಲೆಕ್ಕ ಹಿಡಿಯಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರೊಬ್ಬರು ಮೂರು ಗಿಡ ಇಟ್ಟುಕೊಳ್ಳಬಹುದು. ಬಚ್ಚಿಡುವ ಅಗತ್ಯವೇ ಇಲ್ಲವಾದ ಮೇಲೆ ಗಿಡ ಹೊರಗೆ ಬರಬೇಕಿತ್ತು. ಆದರೆ ಬಹಳಷ್ಟು ಗಿಡ ಇನ್ನೂ ಮನೆಯೊಳಗೆ ಹೂಡಿದ ಟೆಂಟಿನಲ್ಲಿ ದೀಪದ ಕೆಳಗೇ ಇದೆ. ಕೇಳಿದರೆ ಸಿಗುವ ಉತ್ತರ, ‘ನಮ್ಮದು ಚಳಿಯ ದೇಶ’ ಎನ್ನುವುದು. ಉದ್ದ ರಾತ್ರಿಗೆ ಕಾಯದೆ ವಯಸ್ಸಿಗೆ ಬಂದೊಡನೆ ತಾನೇ ಹೂ ಬಿಡುವ ಆಟೋಫ್ಲವರ್ ಎಂಬ ತಳಿಗಳು ಆ ಉತ್ತರವನ್ನು ಅಲ್ಲಾಡಿಸಿವೆ. ನನ್ನ ಪ್ರಕಾರ ಗಾಂಜಾವನ್ನು ಒಳಗೆ ಕಟ್ಟಿಹಾಕಿರುವುದರಲ್ಲಿ ಹವಾಮಾನದ ಪಾಲು ಸಣ್ಣದು, ಕಾನೂನಿನ ಪಾಲು ದೊಡ್ಡದು. ಅದನ್ನು ಬಿಡಿಸಿ ನೋಡಲು ಮೊದಲು ಈ ಗಿಡ ಹೊತ್ತನ್ನು ಹೇಗೆ ಎಣಿಸುತ್ತದೆ ಎನ್ನುವುದು ಗೊತ್ತಿರಬೇಕು.

ಅವರೆಕಾಯಿ ತಿಂದು ಬೆಳೆದವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಹಳೆ ಮೈಸೂರು ಸೀಮೆಯಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಬಿತ್ತಿದ ನಾಟಿ ಅವರೆ ತಿಂಗಳುಗಟ್ಟಲೆ ಬರೀ ಬಳ್ಳಿ ಹಬ್ಬಿಸುತ್ತದೆ. ಎಷ್ಟೇ ಗೊಬ್ಬರ ಹಾಕಿ, ಎಷ್ಟೇ ನೀರು ಬಿಡಿ, ಹಗಲು ಕುಗ್ಗಿ ರಾತ್ರಿ ಬೆಳೆಯುವ ತನಕ ಅದು ಹೂ ತೆಗೆಯುವುದಿಲ್ಲ. ಇಬ್ಬನಿ ಬೀಳುವ ದಿನಗಳಲ್ಲಿ ಮಾತ್ರ ಸೊಗಡಿನ ಅವರೆ ಸಿಗುವುದು ಇದೇ ಕಾರಣಕ್ಕೆ. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆಯ ತಳಿಗಳನ್ನು ತಂದರು. ಅವು ರಾತ್ರಿಯ ಉದ್ದವನ್ನು ಕೇಳುವುದಿಲ್ಲ, ವಯಸ್ಸಿಗೆ ಬಂದ ಕೂಡಲೇ ಹೂ ಬಿಡುತ್ತವೆ. ಈಗ ಮಾರುಕಟ್ಟೆಯಲ್ಲಿ ಏಪ್ರಿಲ್‌ನಲ್ಲೂ ಅವರೆಕಾಯಿ ಸಿಗುವುದು ಅದರಿಂದಲೇ. ಗಾಂಜಾದಲ್ಲಿ ಸಾಮಾನ್ಯ ತಳಿ ನಾಟಿ ಅವರೆಯಂತೆ, ಆಟೋಫ್ಲವರ್ ಹೆಬ್ಬಾಳ ಅವರೆಯಂತೆ.

ಇದರ ಇನ್ನೊಂದು ಮುಖ ನೋಡಬೇಕಾದರೆ ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಹೋಗಬೇಕು. ಸೇವಂತಿಗೆ ಹೊಲಗಳಲ್ಲಿ ಸಾಲಾಗಿ ಬಲ್ಬುಗಳು ಉರಿಯುತ್ತಿರುತ್ತವೆ. ಉದ್ದ ರಾತ್ರಿ ಬಂತೆಂದು ಗಿಡ ಬೇಗ ಮೊಗ್ಗು ಹಿಡಿದರೆ ಕಾಂಡ ಬೆಳೆಯುವುದಿಲ್ಲ, ಹಬ್ಬದ ಲೆಕ್ಕವೂ ತಪ್ಪುತ್ತದೆ. ಅದಕ್ಕೇ ರೈತರು ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸುತ್ತಾರೆ. ಆ ಗುಟ್ಟಿನ ಸುಳಿವು ಮೊದಲು ಸಿಕ್ಕ ಗಿಡಗಳಲ್ಲಿ ಗಾಂಜಾದ ಕುಲದ, ನಾರು ಮತ್ತು ಬೀಜಕ್ಕಾಗಿ ಬೆಳೆಯುವ ಹೆಂಪ್ ಕೂಡ ಒಂದು. ಪ್ಯಾರಿಸ್‌ನಲ್ಲಿ ಜೂಲಿಯೆನ್ ತುರ್ನ್ವಾ ಎಂಬ ಸಸ್ಯವಿಜ್ಞಾನಿ ಚಳಿಗಾಲದ ಗಾಜಿನ ಮನೆಯಲ್ಲಿ ಹೆಂಪ್ ಮತ್ತು ಬಿಯರ್‌ಗೆ ಬಳಸುವ ಹಾಪ್ಸ್ ಗಿಡಗಳು ಅಕಾಲದಲ್ಲಿ ಹೂ ಬಿಡುವುದನ್ನು ಕಂಡು, ಅದಕ್ಕೆ ಕಾರಣ ಹಗಲಿನ ಅಳತೆ ಎಂದು 1912ರ ಹೊತ್ತಿಗೆ ಬರೆದಿದ್ದ. ಮೊದಲ ಮಹಾಯುದ್ಧ ಅವನನ್ನು ಬಲಿ ತೆಗೆದುಕೊಂಡಿತು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಹೊಗೆಸೊಪ್ಪಿನ ಮೇಲೆ ಕೆಲಸ ಮಾಡಿ ಅದೇ ಮಾತನ್ನು ಪೂರ್ಣ ಸಿದ್ಧಾಂತವಾಗಿ ಮುಂದಿಟ್ಟರು.

ಈಗ ಬರ್ಲಿನ್ನಿನ ಭೂಪಟ ನೋಡೋಣ. ಅದು ಇರುವುದು ಭೂಮಧ್ಯರೇಖೆಯಿಂದ ಸುಮಾರು 52.5 ಡಿಗ್ರಿ ಉತ್ತರಕ್ಕೆ. ಜೂನ್ ಕೊನೆಯಲ್ಲಿ ಅಲ್ಲಿನ ಹಗಲು ಹದಿನಾರೂವರೆ ಗಂಟೆಗಿಂತ ಹೆಚ್ಚು. ಸಾಮಾನ್ಯ ಗಾಂಜಾ ಗಿಡ ಇಡೀ ಬೇಸಿಗೆಯನ್ನು ಎಲೆ, ರೆಂಬೆ ಬೆಳೆಸುವುದರಲ್ಲೇ ಕಳೆಯುತ್ತದೆ. ರಾತ್ರಿ ಸಾಕಷ್ಟು ಉದ್ದವಾಗಿ ಅದು ಹೂವಿನ ಕಡೆ ಹೊರಳುವ ಹೊತ್ತಿಗೆ ಆಗಸ್ಟ್ ಬಂದಿರುತ್ತದೆ. ಅಲ್ಲಿಂದ ಹೂ ಬಲಿಯಲು ಎಂಟೊಂಬತ್ತು ವಾರ ಬೇಕು. ಅಂದರೆ ಕೊಯ್ಲು ಅಕ್ಟೋಬರಿಗೆ ಬೀಳುತ್ತದೆ. ಆಗ ಅಲ್ಲಿ ಮಂಜು, ಜಿಟಿಜಿಟಿ ಮಳೆ, ದಿನಗಟ್ಟಲೆ ಒಣಗದ ಗಾಳಿ. ಹೂಗೊಂಚಲು ಎಷ್ಟು ಒತ್ತಾಗಿದ್ದರೆ ಅಷ್ಟು ತೇವ ಒಳಗೆ ಉಳಿಯುತ್ತದೆ. ಬೋಟ್ರೈಟಿಸ್ ಎಂಬ ಬೂದು ಬೂಷ್ಟು ಒಳಗಿನಿಂದ ಹಿಡಿದರೆ ಹೊರಗೆ ಕಾಣುವಷ್ಟರಲ್ಲಿ ಗೊಂಚಲು ಕೊಳೆತಿರುತ್ತದೆ. ದ್ರಾಕ್ಷಿ ಬೆಳೆಗಾರರಿಗೆ ಇದೇ ಬೂಷ್ಟಿನ ಪರಿಚಯ ಚೆನ್ನಾಗಿ ಇದೆ. ಉತ್ತರದ ದೇಶಗಳಲ್ಲಿ ಬಯಲು ಗಾಂಜಾ ಹಾಳಾಗುತ್ತಿದ್ದದ್ದು ಬರೀ ಚಳಿಯಿಂದಲ್ಲ. ಅದರ ಗಡಿಯಾರ ಅಲ್ಲಿನ ಋತುವಿಗೆ ಹೊಂದದೆ ಹೋದದ್ದು ಮುಖ್ಯ ಕಾರಣ.

ಆ ಗಡಿಯಾರವನ್ನೇ ಬದಲಿಸಿಕೊಂಡ ಒಂದು ಕಾಡುಗಿಡ ವೋಲ್ಗಾ ನದಿಯ ಸೀಮೆಯಲ್ಲಿತ್ತು. 1924ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಯಾನಿಷೆವ್ಸ್ಕಿ ಅದನ್ನು ವರ್ಣಿಸಿ ಕ್ಯಾನಬಿಸ್ ರುಡೆರಾಲಿಸ್ ಎಂದು ಕರೆದ. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಕುಸಿದ ಗೋಡೆ, ಹಾಳು ಬಿದ್ದ ಜಾಗದಲ್ಲಿ ಬೆಳೆಯುವುದು ಎಂಬ ಅರ್ಥವಿದೆ. ನಮ್ಮ ಹಿತ್ತಲ ಪಾಳು ಜಾಗದಲ್ಲಿ ತಾನೇ ಏಳುವ ಕಳೆಗಳ ಜಾತಿ ಅಂದುಕೊಳ್ಳಿ. ಮೊಳಕಾಲಿನಿಂದ ಸೊಂಟದ ಎತ್ತರ, ಕಡಿಮೆ ರೆಂಬೆ, ನಶೆಯ ಅಂಶವೂ ಕಡಿಮೆ. ಇದು ಬೇರೆ ಪ್ರಭೇದವೋ ಅಥವಾ ಲಿನೇಯಸ್ 1753ರಲ್ಲಿ ಹೆಸರಿಟ್ಟ ಕ್ಯಾನಬಿಸ್ ಸಟೈವಾದ ಒಂದು ರೂಪವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಬಯಲಿನ ಆ ಸೀಮೆಯಲ್ಲಿ ಬೇಸಿಗೆ ಚಿಕ್ಕದು, ಹಗಲು ಉದ್ದ, ಹಿಮ ಬೇಗ ಬರುತ್ತದೆ. ಉದ್ದ ರಾತ್ರಿಗೆ ಕಾದು ಕೂತ ಗಿಡ ಬೀಜ ಬಲಿಯುವ ಮೊದಲೇ ಸತ್ತಿತು. ಮೊಳೆತ ಕೆಲವೇ ವಾರದಲ್ಲಿ, ಹಗಲು ಎಷ್ಟೇ ಉದ್ದವಿರಲಿ, ಹೂ ಬಿಟ್ಟ ಗಿಡದ ಸಂತತಿ ಉಳಿಯಿತು.

ಈ ಗುಣವನ್ನು ಮೊದಲು ಗಂಭೀರವಾಗಿ ಬಳಸಿಕೊಂಡವರಲ್ಲಿ ಫಿನ್ಲೆಂಡಿನ ಹೆಂಪ್ ರೈತರಿದ್ದರು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜಭಂಡಾರದಿಂದ ಬಂದ ತಳಿಗಳಿಂದ 1990ರ ದಶಕದಲ್ಲಿ ಅಲ್ಲಿ ಫಿನೋಲಾ ಎಂಬ ಎಣ್ಣೆಬೀಜದ ಹೆಂಪ್ ರೂಪುಗೊಂಡಿತು. ನಡುಬೇಸಿಗೆಯಲ್ಲಿ ರಾತ್ರಿಯೇ ಇಲ್ಲವೆನ್ನಿಸುವಂಥ ಆ ನಾಡಿನಲ್ಲೂ ಅದು ಬಿತ್ತಿ ಸುಮಾರು ಒಂದು ತಿಂಗಳಿಗೆ ಹೂ ತೆಗೆಯುತ್ತದೆ. ಅದರಲ್ಲಿ ನಶೆಯಿಲ್ಲ, ಅದು ಕೈಗಾರಿಕೆಯ ಬೆಳೆ. ನಶೆಯ ಗಾಂಜಾಕ್ಕೆ ಇದೇ ಗುಣ ಬೆರೆಸಿದ ತಳಿಗಳಲ್ಲಿ ಮೊದಲು ಹೆಸರಾದದ್ದು 2000ದ ದಶಕದ ಆರಂಭದಲ್ಲಿ ಬಂದ ಲೋರೈಡರ್. ಅದು ಕುಳ್ಳು ಗಿಡ, ಇಳುವರಿ ಸ್ವಲ್ಪವೇ, ಪ್ರಭಾವವೂ ಸಾಧಾರಣ. ಬೆಳೆಗಾರರು ಅದನ್ನು ಆಟಿಕೆಯಂತೆ ನೋಡಿದರು. ತಾನೇ ಹೂ ಬಿಡುವ ಗುಣ ಜೀನ್ ಲೆಕ್ಕದಲ್ಲಿ ಅಡಗಿರುವ ಗುಣ: ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ಹಾಗಾಗಿ ದೊಡ್ಡ ತಳಿಗಳ ಜೊತೆ ಅದನ್ನು ಬೆರೆಸಿ ತಲೆಮಾರುಗಟ್ಟಲೆ ಆಯ್ಕೆ ಮಾಡಬೇಕಾಯಿತು. ಇಪ್ಪತ್ತು ವರ್ಷದ ಆ ಕೆಲಸದ ಫಲವಾಗಿ ಇವತ್ತಿನ ಆಟೋಫ್ಲವರ್ ತಳಿಗಳು ಬಲದಲ್ಲಿ ಸಾಮಾನ್ಯ ತಳಿಗಳ ಹತ್ತಿರ ಬಂದಿವೆ, ಬೀಜದಿಂದ ಕೊಯ್ಲಿಗೆ ಎಂಟರಿಂದ ಹನ್ನೆರಡು ವಾರ ಸಾಕು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ. ರಷ್ಯಾದ ಮೂಲದ್ದು, ಆದ್ದರಿಂದ ಚಳಿ ತಡೆಯುತ್ತದೆ ಎಂದು ಬೀಜ ಮಾರುವವರು ಹೇಳುತ್ತಾರೆ, ಕೊಳ್ಳುವವರು ನಂಬುತ್ತಾರೆ. ಆಟೋಫ್ಲವರ್‌ನ ಶಕ್ತಿ ಚಳಿಯನ್ನು ತಡೆಯುವುದರಲ್ಲಿ ಇಲ್ಲ, ಚಳಿ ಬರುವ ಮೊದಲು ಕೆಲಸ ಮುಗಿಸುವುದರಲ್ಲಿದೆ. ಸೊನ್ನೆಗಿಂತ ಕೆಳಗಿಳಿದ ರಾತ್ರಿ ಎಳೆಯ ಗಿಡವನ್ನು, ಅದು ಯಾವ ತಳಿಯದ್ದೇ ಆಗಲಿ, ಕೊಲ್ಲಬಲ್ಲದು. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೆಳವಣಿಗೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಮಣ್ಣು ತಣ್ಣಗಿದ್ದರೆ ಬೇರಿಗೆ ರಂಜಕ ಎಳೆದುಕೊಳ್ಳಲು ಆಗುವುದಿಲ್ಲ. ಎಲೆ, ಹೂಗಳು ತಂಪು ರಾತ್ರಿಗಳಲ್ಲಿ ನೇರಳೆ ಬಣ್ಣಕ್ಕೆ ತಿರುಗುವುದನ್ನು ಕಂಡು ಮಾಲು ಗಟ್ಟಿಯಾಯಿತು ಎಂದು ಹಿಗ್ಗುವವರಿದ್ದಾರೆ. ಅದು ಆಂಥೋಸಯಾನಿನ್ ಎಂಬ ಬಣ್ಣದ ವಸ್ತು, ಬದನೆಯ ಸಿಪ್ಪೆಯಲ್ಲೂ ಇದೇ ಗುಂಪಿನ ಬಣ್ಣ ಇರುವುದು. ನಶೆಗೂ ಅದಕ್ಕೂ ಸಂಬಂಧವಿಲ್ಲ.

ಚಳಿಯ ವಿಷಯದಲ್ಲಿ ಆಟೋಫ್ಲವರ್ ಸಾಮಾನ್ಯ ತಳಿಗಿಂತ ಹೆಚ್ಚು ನಾಜೂಕು ಎಂದರೂ ತಪ್ಪಾಗದು. ಕಾರಣ ಅದೇ ಗಡಿಯಾರ. ಸಾಮಾನ್ಯ ಗಿಡ ಮೇ ತಿಂಗಳ ಚಳಿಗೆ ಎರಡು ವಾರ ಮುದುಡಿ ಕೂತರೂ ಚಿಂತೆಯಿಲ್ಲ, ಜೂನ್ ಜುಲೈ ಪೂರ್ತಿ ಬೆಳೆದು ಸರಿದೂಗಿಸಿಕೊಳ್ಳುತ್ತದೆ. ಆಟೋಫ್ಲವರ್‌ಗೆ ಆ ಸೌಲಭ್ಯವಿಲ್ಲ. ಮೊದಲ ಮೂರು ನಾಲ್ಕು ವಾರದಲ್ಲಿ ಎಷ್ಟು ಬೆಳೆಯಿತೋ ಅಷ್ಟೇ ಗಾತ್ರ, ವಯಸ್ಸು ತುಂಬಿದ ದಿನ ಅಂಗೈಯಗಲದ ಗಿಡವಾದರೂ ಹೂ ಬಿಟ್ಟೇಬಿಡುತ್ತದೆ. ಕಳೆದುಕೊಂಡ ದಿನವನ್ನು ಅದು ಯಾರಿಂದಲೂ ಸಾಲ ತರಲಾರದು. ಜರ್ಮನಿಯ ತೋಟಗಾರರಲ್ಲಿ ಮೇ 11ರಿಂದ 15ರ ತನಕದ ದಿನಗಳನ್ನು ‘ಹಿಮದ ಸಂತರು’ ಎಂದು ಕರೆಯುವ ರೂಢಿಯಿದೆ. ಆ ಸಂತರ ಹಬ್ಬದ ದಿನಗಳು ಕಳೆಯುವ ಮೊದಲು ಟೊಮೆಟೊ ಸಸಿಯನ್ನು ಹೊರಗೆ ನೆಡಬಾರದು ಎಂಬುದು ಅಜ್ಜಿಯರ ಕಾಲದ ಮಾತು. ನಮ್ಮಲ್ಲಿ ರೋಹಿಣಿ, ಮೃಗಶಿರ ಎಂದು ಮಳೆ ಎಣಿಸಿ ಬಿತ್ತುವ ಹಾಗೆ. ಆಟೋಫ್ಲವರ್‌ಗೆ ಟೊಮೆಟೊದ ಲೆಕ್ಕವೇ ಒಪ್ಪುತ್ತದೆ. ಮೇ ಕೊನೆಯಲ್ಲಿ ಹೊರಗೆ ಬಂದ ಗಿಡ ಆಗಸ್ಟ್‌ನಲ್ಲಿ, ಮಂಜು ಮಳೆಯ ತಿಂಗಳುಗಳು ಶುರುವಾಗುವ ಮುಂಚೆ, ಕೊಯ್ಲಿಗೆ ಬಂದಿರುತ್ತದೆ. ಹದಿನಾರು ಗಂಟೆಯ ಬಿಸಿಲನ್ನು ಹೂ ಬಿಡುತ್ತಲೇ ಉಣ್ಣುವ ಭಾಗ್ಯ ಸಾಮಾನ್ಯ ತಳಿಗೆ ಎಂದೂ ಸಿಗುವುದಿಲ್ಲ. ಉತ್ತರದ ಬೇಸಿಗೆಯ ಉದ್ದ ಹಗಲು ಗಾಂಜಾಕ್ಕೆ ಅಡ್ಡಿಯಾಗಿತ್ತು, ಈ ತಳಿಗೆ ಅದೇ ಬಂಡವಾಳವಾಯಿತು.

ಹಾಗಿದ್ದೂ ಜನ ಒಳಗೇ ಏಕೆ ಬೆಳೆಯುತ್ತಾರೆ? ಇದಕ್ಕೆ ಉತ್ತರ ಸಸ್ಯಶಾಸ್ತ್ರದಲ್ಲಿ ಸಿಗುವುದಿಲ್ಲ, ಪೊಲೀಸ್ ಇತಿಹಾಸದಲ್ಲಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1983ರಿಂದ ಹೆಲಿಕಾಪ್ಟರ್ ಹಾರಿಸಿ ಬೆಟ್ಟದ ಗಾಂಜಾ ತೋಟಗಳನ್ನು ಕಿತ್ತುಹಾಕುವ ಕಾರ್ಯಾಚರಣೆ ಆರಂಭವಾಯಿತು. ಮೇಲಿನಿಂದ ಕಾಣಬಾರದೆಂದರೆ ಸೂರು ಬೇಕು, ಸೂರಿನಡಿ ಬೆಳೆಯಬೇಕೆಂದರೆ ದೀಪ ಬೇಕು. ಬೀದಿದೀಪಕ್ಕೆ ಬಳಸುತ್ತಿದ್ದ ಸೋಡಿಯಂ ದೀಪಗಳು ನೆಲಮಾಳಿಗೆಗೆ ಬಂದವು. ಪೊಲೀಸರೂ ಸುಮ್ಮನೆ ಕೂರಲಿಲ್ಲ. 1992ರ ಜನವರಿಯಲ್ಲಿ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಊರಿನ ಒಂದು ಮನೆಯತ್ತ ಶಾಖ ಗುರುತಿಸುವ ಕ್ಯಾಮೆರಾ ಹಿಡಿದು, ಗ್ಯಾರೇಜಿನ ಚಾವಣಿ ಅಕ್ಕಪಕ್ಕದ ಮನೆಗಳಿಗಿಂತ ಬಿಸಿಯಾಗಿದೆ ಎಂದು ಪತ್ತೆ ಹಚ್ಚಿದರು. ಒಳಗೆ ನೂರಕ್ಕೂ ಹೆಚ್ಚು ಗಿಡ ಸಿಕ್ಕವು. ಆ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು. ವಾರಂಟ್ ಇಲ್ಲದೆ ಮನೆಯ ಗೋಡೆಯ ಕಾವನ್ನು ಹೀಗೆ ಅಳೆಯುವಂತಿಲ್ಲ ಎಂದು 2001ರಲ್ಲಿ 5–4ರ ಬಹುಮತದಲ್ಲಿ ತೀರ್ಪು ಬಂತು. ಕೈಲೋ ಪ್ರಕರಣ ಎಂದು ಕಾನೂನು ವಿದ್ಯಾರ್ಥಿಗಳು ಓದುವುದು ಅದನ್ನೇ. ಅಂತೂ ಒಳಾಂಗಣ ಬೇಸಾಯ ಹುಟ್ಟಿದ್ದು ಬಚ್ಚಿಡುವ ತಂತ್ರವಾಗಿ. ಅದಕ್ಕೊಂದು ಕೌಶಲ, ಅದಕ್ಕೊಂದು ಸಾಮಗ್ರಿಯ ಮಾರುಕಟ್ಟೆ, ‘ಒಳಗೆ ಬೆಳೆದದ್ದೇ ಉತ್ತಮ’ ಎಂಬ ರುಚಿ, ಇವೆಲ್ಲ ಆಮೇಲೆ ಬೆಳೆದುಕೊಂಡವು.

ಆ ತಂತ್ರದ ಬೆಲೆ ಸಣ್ಣದಲ್ಲ. ಇಂಧನ ತಜ್ಞ ಇವಾನ್ ಮಿಲ್ಸ್ 2012ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಮೆರಿಕದ ಒಟ್ಟು ವಿದ್ಯುತ್ತಿನ ಸುಮಾರು ಶೇ 1ರಷ್ಟು ಒಳಾಂಗಣ ಗಾಂಜಾಕ್ಕೆ ಹೋಗುತ್ತಿತ್ತು, ಒಂದು ಕಿಲೋ ಮಾಲಿನ ಹಿಂದೆ ಸುಮಾರು 4,600 ಕಿಲೋ ಇಂಗಾಲದ ಡೈಆಕ್ಸೈಡ್ ಇತ್ತು. 2021ರಲ್ಲಿ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಊರಿಂದ ಊರಿಗೆ ಲೆಕ್ಕ ಹಾಕಿ, ಒಂದು ಕಿಲೋ ಒಣಹೂವಿಗೆ 2,283ರಿಂದ 5,184 ಕಿಲೋ ತನಕ ಬರುತ್ತದೆ ಎಂದರು. ಆ ಅಧ್ಯಯನದಲ್ಲಿ ನನ್ನ ಗಮನ ಸೆಳೆದದ್ದು ಬೇರೊಂದು. ದೊಡ್ಡ ಪಾಲು ಬರೀ ದೀಪದ್ದಲ್ಲ, ಗಾಳಿಯನ್ನು ಬಿಸಿ ಮಾಡುವುದು, ತಣಿಸುವುದು, ತೇವ ಹಿಂಡುವುದು ಇವುಗಳದ್ದು. ಹೊರಗೆ ಹಿಮ ಬೀಳುತ್ತಿರಲಿ, ಸೆಕೆಯಾಗುತ್ತಿರಲಿ, ಒಳಗಿನ ಗಾಳಿಯನ್ನು ಆಗಾಗ ಹೊರಗೆ ಬಿಟ್ಟು ಹೊಸ ಗಾಳಿಯನ್ನು ಹದಕ್ಕೆ ತರಬೇಕು. ಹವೆ ಹಿತವಾಗಿರುವ ದಕ್ಷಿಣ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಲೆಕ್ಕ ಕಡಿಮೆ ಬಂದದ್ದು ಅದಕ್ಕೇ. ಅಲ್ಲಾದರೋ ಗಿಡವನ್ನು ಕೋಣೆಯೊಳಗೆ ಇಡುವ ಅಗತ್ಯವೇ ಇಲ್ಲ.

ಇವು ಕಾರ್ಖಾನೆಗಳ ಲೆಕ್ಕ. ಮನೆಯೊಳಗಿನ ಒಂದು ಸಣ್ಣ ಟೆಂಟಿನದ್ದನ್ನು ನಾವೇ ಹಾಕಿ ನೋಡಬಹುದು. 200 ವ್ಯಾಟ್‌ನ ಒಂದು ಎಲ್‌ಇಡಿ ದೀಪ. ಆಟೋಫ್ಲವರ್‌ಗೆ ಸಾಮಾನ್ಯವಾಗಿ ದಿನಕ್ಕೆ 18ರಿಂದ 20 ಗಂಟೆ ಬೆಳಕು ಕೊಡುತ್ತಾರೆ. ದಿನಕ್ಕೆ 20 ಗಂಟೆಯಂತೆ 75 ದಿನ ಎಂದರೆ 1,500 ಗಂಟೆ, 300 ಯೂನಿಟ್. ಸಾಮಾನ್ಯ ತಳಿಗೆ ನಾಲ್ಕು ವಾರ 18 ಗಂಟೆ, ಆಮೇಲೆ ಹೂವಿಗಾಗಿ ಒಂಬತ್ತು ವಾರ 12 ಗಂಟೆ ಎಂದಿಟ್ಟರೆ 1,260 ಗಂಟೆ, 252 ಯೂನಿಟ್. ಆಟೋಫ್ಲವರ್ ಎರಡು ವಾರ ಮೊದಲೇ ಮುಗಿದರೂ ಹೆಚ್ಚು ಕರೆಂಟು ತಿನ್ನುತ್ತದೆ. ಜರ್ಮನಿಯಲ್ಲಿ ಗೃಹಬಳಕೆಯ ಯೂನಿಟ್ಟಿಗೆ ಸುಮಾರು 40 ಸೆಂಟ್, ಅಂದರೆ 300 ಯೂನಿಟ್ಟಿಗೆ 120 ಯೂರೋ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗೃಹಜ್ಯೋತಿಯಲ್ಲಿ ಒಂದು ಕುಟುಂಬಕ್ಕೆ ತಿಂಗಳಿಗೆ ಗರಿಷ್ಠ ಸಿಗುವ 200 ಯೂನಿಟ್‌ನ ಒಂದೂವರೆ ಪಟ್ಟು. ಫ್ಯಾನು, ತೇವ ಹಿಂಡುವ ಯಂತ್ರ ಇದರಲ್ಲಿ ಸೇರಿಲ್ಲ. ಬೇಸಿಗೆಯ ನಡುಮಧ್ಯಾಹ್ನ ಒಂದು ಚದರ ಮೀಟರ್ ನೆಲಕ್ಕೆ ಸೂರ್ಯ ಸುಮಾರು 1,000 ವ್ಯಾಟ್ ಸುರಿಯುತ್ತಾನೆ, ಅದಕ್ಕೆ ಮೀಟರ್ ಇಲ್ಲ. ಒಳಗೆ ಬೆಳೆಯುವುದೇ ಆದರೆ ಆಟೋಫ್ಲವರ್ ತಳಿಯನ್ನು ಆರಿಸುವುದರಲ್ಲಿ ವಿದ್ಯುತ್ತಿನ ದೃಷ್ಟಿಯಿಂದ ಅರ್ಥವೇ ಇಲ್ಲ. ಬಿಸಿಲಿಗಾಗಿ ಬಂದ ತಳಿಯನ್ನು ಕೋಣೆಗೆ ತಳ್ಳಿದಂತಾಗುತ್ತದೆ.

ಒಳಾಂಗಣದ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಔಷಧಿಗಾಗಿ ಬಳಸುವ ರೋಗಿಗೆ ಪ್ರತಿ ಸಲವೂ ಅದೇ ಪ್ರಮಾಣದ ವಸ್ತು ಬೇಕು, ಹವಾಮಾನ ಅದನ್ನು ಖಾತ್ರಿಪಡಿಸದು. ಬಲಹೀನ ರೋಗನಿರೋಧಕ ಶಕ್ತಿಯವರಿಗೆ ಬೂಷ್ಟಿನ ಕಣಗಳು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಬಯಲು ಬೇಸಾಯವೂ ಎಲ್ಲ ಕಡೆ ಪರಿಶುದ್ಧವಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಅರಣ್ಯಭೂಮಿಯಲ್ಲಿ ಕಳ್ಳತನದಿಂದ ಗಾಂಜಾ ಬೆಳೆದವರು ತೊರೆಗಳ ನೀರು ತಿರುಗಿಸಿಕೊಂಡರು, ಇಲಿ ಪಾಷಾಣ ಚೆಲ್ಲಿದರು. ಫಿಶರ್ ಎಂಬ ಅಪರೂಪದ ಕಾಡುಪ್ರಾಣಿಗಳ ಕಳೇಬರಗಳಲ್ಲಿ ಆ ಪಾಷಾಣ ಸಿಕ್ಕಿದ್ದನ್ನು 2012ರ ಅಧ್ಯಯನವೊಂದು ದಾಖಲಿಸಿದೆ. ಹಾಗೆಂದು ಅದು ಬಿಸಿಲಿನ ದೋಷವಲ್ಲ. ಬಚ್ಚಿಟ್ಟುಕೊಳ್ಳಬೇಕಾದ ಬೆಳೆಗಾರ ಕೋಣೆಯಲ್ಲಿದ್ದರೆ ಕರೆಂಟು ಸುಡುತ್ತಾನೆ, ಕಾಡಿನಲ್ಲಿದ್ದರೆ ಕಾಡು ಕೆಡಿಸುತ್ತಾನೆ.

ಗುಣಮಟ್ಟದ ಮಾತಿಗೆ ಬಂದರೆ, ಒಳಗೆ ಬೆಳೆದದ್ದು ನೋಡಲು ಚೆಂದ. ಒತ್ತಾದ ಹೂಗೊಂಚಲು, ಮಿನುಗುವ ಅಂಟು. ಕೊಲಂಬಿಯಾ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು 2023ರಲ್ಲಿ ಒಂದೇ ತಾಯಿಯ ಕಡ್ಡಿಗಳನ್ನು ಒಳಗೂ ಬಯಲಲ್ಲೂ ಬೆಳೆಸಿದ ಮಾದರಿಗಳನ್ನು ಹೋಲಿಸಿದರು. ಬಯಲಿನದ್ದರಲ್ಲಿ ಕೆಲವು ಬಗೆಯ ಟರ್ಪೀನ್‌ಗಳು, ಅಂದರೆ ವಾಸನೆಯ ಅಂಶಗಳು, ಹೆಚ್ಚಿದ್ದವು. ಒಳಗಿನದ್ದರಲ್ಲಿ ಗಾಳಿಗೆ ಕೆಟ್ಟ ಕ್ಯಾನಬಿನಾಯ್ಡ್‌ಗಳು, ಅಂದರೆ ಗಾಂಜಾಕ್ಕೆ ಪರಿಣಾಮ ಕೊಡುವ ಅಂಶಗಳು, ಹೆಚ್ಚಿದ್ದವು. ಎರಡೇ ತಳಿಯ ಸಣ್ಣ ಪ್ರಯೋಗ ಅದು, ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಆದರೂ ಇಬ್ಬನಿಯಲ್ಲಿ ನೆನೆದ ನಾಟಿ ಅವರೆಯ ಸೊಗಡು ಬೇರೆ ಅವರೆಗೆ ಬರುವುದಿಲ್ಲ ಎಂದು ವಾದಿಸುವ ನಮ್ಮವರಿಗೆ ಆ ಫಲಿತಾಂಶ ಆಶ್ಚರ್ಯ ತರಲಾರದು.

ಈಗ ಕಾನೂನಿಗೆ ಬರುತ್ತೇನೆ, ನನ್ನ ತಕರಾರು ಇರುವುದು ಇಲ್ಲೇ. ಮನೆಯಲ್ಲಿ ಬೆಳೆಯಲು ಅನುಮತಿ ಕೊಟ್ಟ ಹೆಚ್ಚಿನ ದೇಶಗಳು ಗಿಡಗಳ ತಲೆ ಎಣಿಸುತ್ತವೆ. ಜರ್ಮನಿಗೆ ಮೂರು, ಕೆನಡಾಕ್ಕೆ ನಾಲ್ಕು. ಬಾಲ್ಕನಿಯ ಕುಂಡದಲ್ಲಿ ಮೊಳಕಾಲೆತ್ತರ ಬೆಳೆದ ಆಟೋಫ್ಲವರ್ ಗಿಡವೂ ಒಂದೇ, ಕೋಣೆ ತುಂಬ ಹರಡಿಸಿ ತಿಂಗಳುಗಟ್ಟಲೆ ದೀಪದಡಿ ಸಾಕಿದ ಗಿಡವೂ ಒಂದೇ. ತಲೆ ಎಣಿಸುವ ಕಾನೂನು ಇರುವ ಕಡೆ ಪ್ರತಿ ತಲೆಯನ್ನೂ ಆದಷ್ಟು ದೊಡ್ಡದು ಮಾಡುವುದೇ ಬೆಳೆಗಾರನಿಗೆ ಲಾಭ. ದೊಡ್ಡದು ಮಾಡಬೇಕಾದರೆ ಹೂವನ್ನು ಮುಂದೂಡಬೇಕು, ಅದಕ್ಕೆ ಸಾಮಾನ್ಯ ತಳಿ ಬೇಕು. ಆ ತಳಿ ಬರ್ಲಿನ್ನಿನ ಅಕ್ಟೋಬರಿನಲ್ಲಿ ಕೊಳೆಯುತ್ತದೆ, ಆದ್ದರಿಂದ ದೀಪ ಬೇಕು. ಹೀಗೆ ಎಣಿಕೆಯ ಒಂದು ನಿಯಮ ಯಾರ ಉದ್ದೇಶವೂ ಇಲ್ಲದೆ ಜನರನ್ನು ವಿದ್ಯುತ್ ಮೀಟರಿನ ಕಡೆ ದಬ್ಬುತ್ತದೆ.

ಜರ್ಮನಿಯಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಮೂರು ಗಿಡ ಬೆಳೆಯಬಹುದು, ಆದರೆ ಮನೆಯಲ್ಲಿ ಒಣಗಿದ ಮಾಲು 50 ಗ್ರಾಮಿಗಿಂತ ಹೆಚ್ಚು ಇರುವಂತಿಲ್ಲ. 60 ಗ್ರಾಂ ದಾಟಿದರೆ ಅದು ದಂಡದ ವಿಷಯವಾಗಿ ಉಳಿಯುವುದಿಲ್ಲ, ಅಪರಾಧವಾಗುತ್ತದೆ. ಚೆನ್ನಾಗಿ ಬೆಳೆದ ಒಂದೇ ದೊಡ್ಡ ಗಿಡ ಈ ಮಿತಿಯನ್ನು ಮೀರಬಲ್ಲದು. ಹಾಗಾದರೆ ಕಾನೂನು ಒಂದು ಕೈಯಲ್ಲಿ ದೊಡ್ಡ ಗಿಡಕ್ಕೆ ಪ್ರೋತ್ಸಾಹ ಕೊಟ್ಟು ಇನ್ನೊಂದು ಕೈಯಲ್ಲಿ ಅದರ ಕೊಯ್ಲನ್ನು ಅಪರಾಧ ಮಾಡಿದೆ. ಗ್ರಾಂ ಮಿತಿಗೆ ಹೊಂದುವುದು ಸಣ್ಣ ಗಿಡ, ಬೇರೆ ಬೇರೆ ವಾರದಲ್ಲಿ ಮಾಗುವ ಗಿಡ, ಅಂದರೆ ಬಯಲಿನ ಆಟೋಫ್ಲವರ್. ಎರಡು ನಿಯಮಗಳಲ್ಲಿ ಯಾವುದಕ್ಕೆ ಹೆಚ್ಚು ಅಂಜುತ್ತಾನೆ ಎನ್ನುವುದರ ಮೇಲೆ ಬೆಳೆಗಾರ ಬಾಲ್ಕನಿಗೆ ಹೋಗುತ್ತಾನೋ ಟೆಂಟಿಗೆ ಹೋಗುತ್ತಾನೋ ತೀರ್ಮಾನವಾಗುತ್ತದೆ. ಮಕ್ಕಳ ಕೈಗೆ, ಹೊರಗಿನವರ ಕೈಗೆ ಸಿಗದಂತೆ ಗಿಡಕ್ಕೆ ರಕ್ಷಣೆ ಇರಬೇಕೆಂಬ ಷರತ್ತೂ ಇದೆ. ಆ ಷರತ್ತು ಇರಲೇಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬೀಗ ಹಾಕಿದ ಗಾಜಿನ ಮನೆ ಕಟ್ಟಲು ಜಾಗವಿರುವುದು ಹಿತ್ತಲು ಇರುವವರಿಗೆ. ಬಾಡಿಗೆ ಮನೆಯವರಿಗೆ ಉಳಿಯುವುದು ಕಪಾಟಿನೊಳಗಿನ ದೀಪವೇ.

ಬೇರೆ ದಾರಿಯೂ ಇದೆ. ಕ್ಯಾಲಿಫೋರ್ನಿಯಾ ವಾಣಿಜ್ಯ ಬೆಳೆಗಾರರಿಗೆ ಪರವಾನಗಿ ಕೊಡುವಾಗ ಗಿಡಗಳ ಹರವಿನ ಚದರಡಿಯನ್ನು ಅಳೆಯುತ್ತದೆ, ಬಯಲು, ಗಾಜಿನ ಮನೆ, ಒಳಾಂಗಣಕ್ಕೆ ಬೇರೆ ಬೇರೆ ವರ್ಗ ಇಟ್ಟಿದೆ. ಮನೆ ಬೆಳೆಗಾರರಿಗೂ ಬಯಲಿನಲ್ಲಾದರೆ ಇಷ್ಟು ಚದರಡಿ, ದೀಪದಡಿಯಲ್ಲಾದರೆ ಅದಕ್ಕಿಂತ ಕಡಿಮೆ ಎಂದು ನಿಗದಿ ಮಾಡಿದರೆ ತಲೆ ಎಣಿಕೆಯ ದೋಷ ಹೋಗುತ್ತದೆ. ಬೆಳೆಯನ್ನು ಬಯಲಿಗೆ ತರಬಹುದು ಎಂಬುದನ್ನು ಕೆನಡಾದ ದೊಡ್ಡ ಕಂಪನಿಗಳ ಅನುಭವವೂ ಹೇಳುತ್ತಿದೆ. ಕಾನೂನು ಬಂದ ಹುರುಪಿನಲ್ಲಿ ಅಲ್ಲಿ ಲಕ್ಷಾಂತರ ಚದರಡಿಯ ಗಾಜಿನ ಮನೆಗಳು ಎದ್ದವು. 2020ರ ಮಾರ್ಚ್‌ನಲ್ಲಿ ಕ್ಯಾನಪಿ ಗ್ರೋತ್ ಕಂಪನಿ ಬ್ರಿಟಿಷ್ ಕೊಲಂಬಿಯಾದ ಎರಡು ಗಾಜಿನ ಮನೆಗಳನ್ನು ಮುಚ್ಚಿತು, ಅವುಗಳ ಒಟ್ಟು ವಿಸ್ತೀರ್ಣವೇ ಸುಮಾರು 30 ಲಕ್ಷ ಚದರಡಿ. 2019ರಿಂದ ಅಲ್ಲಿ ಪರವಾನಗಿ ಪಡೆದ ಬಯಲು ಬೆಳೆಯ ಕೊಯ್ಲು ನಡೆಯುತ್ತಿದೆ.

ಜರ್ಮನಿಯಲ್ಲಿ ಕಾನೂನಿನ ಮೌಲ್ಯಮಾಪನ ಮಾಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಅಲ್ಲಿನ ಚರ್ಚೆ ಯುವಜನರ ಆರೋಗ್ಯ, ಕಾಳಸಂತೆ, ಪೊಲೀಸರ ಕೆಲಸದ ಹೊರೆ ಇವುಗಳ ಸುತ್ತ ನಡೆಯುತ್ತಿದೆ. ಅವು ಮುಖ್ಯವೇ. ಸದಸ್ಯರಿಗಾಗಿ ಒಟ್ಟಾಗಿ ಬೆಳೆಯುವ ಸಂಘಗಳಿಂದ 18ರಿಂದ 21 ವರ್ಷದವರಿಗೆ ಕೊಡುವ ಮಾಲಿನಲ್ಲಿ ನಶೆಯ ಅಂಶವಾದ ಟಿಎಚ್‌ಸಿ ಶೇ 10 ದಾಟಬಾರದು, ತಿಂಗಳಿಗೆ 30 ಗ್ರಾಂ ಮೀರಬಾರದು ಎಂಬ ಎಚ್ಚರಿಕೆ ಸರಿಯಾದದ್ದು. ಎಳೆಯ ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತಿರುತ್ತದೆ. ಮನೆಯ ಗಿಡಕ್ಕೆ ಅಂಥ ಅಳತೆ ಮಾಡುವವರು ಯಾರೂ ಇಲ್ಲ ಎನ್ನುವುದು ನನ್ನ ಆತಂಕ. ಅದರ ಜೊತೆಗೆ ಕರೆಂಟಿನ ಲೆಕ್ಕವೂ ಆ ಮೌಲ್ಯಮಾಪನದ ಮೇಜಿನ ಮೇಲೆ ಇರಲಿ ಎಂಬುದು ನನ್ನ ಆಗ್ರಹ.

ಕರ್ನಾಟಕಕ್ಕೆ ಇದರ ನಂಟು ನೇರವಾಗಿಯೇ ಇದೆ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರ ಸೂಟ್‌ಕೇಸಿನಲ್ಲಿ ‘ಹೈಡ್ರೋ ಗಾಂಜಾ’, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಕೋಣೆಯೊಳಗೆ ಬೆಳೆದ ಗಾಂಜಾ, ಸಿಕ್ಕಿದ ಸುದ್ದಿಯನ್ನು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದದ್ದು, ಅಲ್ಲಿ ಬೆಳೆ ಉಕ್ಕಿದ್ದು, 2025ರಲ್ಲಿ ಮತ್ತೆ ವೈದ್ಯರ ಚೀಟಿಗೆ ಕಟ್ಟಿಹಾಕಿದ್ದು ಇದರ ಹಿನ್ನೆಲೆ. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರೊಳಗೇ ಗಾಂಜಾ ಬೆಳೆದ ಪ್ರಕರಣ ಬಯಲಾಗಿತ್ತು. ಶಿವಮೊಗ್ಗದ ಬಿಸಿಲಿನಲ್ಲಿ ಒಂದು ಗಿಡಕ್ಕೆ ದೀಪ ಹಚ್ಚುವ ಯಾವ ಕೃಷಿಕಾರಣವೂ ಇಲ್ಲ. ಬೆಂಗಳೂರಿನಲ್ಲಿ ಹಗಲು ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು ಗಂಟೆಯ ಮೇಲೆ, ಜೂನ್‌ನಲ್ಲಿ ಹದಿಮೂರಕ್ಕೂ ತುಸು ಕಡಿಮೆ. ಸಾಮಾನ್ಯ ಗಾಂಜಾ ಗಿಡ ಇಲ್ಲಿ ವರ್ಷವಿಡೀ ಹೂವಿನ ಹೊಸ್ತಿಲಲ್ಲೇ ಇರುತ್ತದೆ, ಆಟೋಫ್ಲವರ್‌ನ ಗುಣಕ್ಕೆ ಇಲ್ಲಿ ಹೆಚ್ಚಿನ ಬೆಲೆಯೇ ಇಲ್ಲ. ಕರ್ನಾಟಕದಲ್ಲಿ ಕೋಣೆಯೊಳಗಿನ ಗಾಂಜಾಕ್ಕೆ ಇರುವುದು ಬಚ್ಚಿಡುವ ಕಾರಣ ಒಂದೇ.

ನಮ್ಮ ಕಾನೂನಿನಲ್ಲಿ ತಳಿಯ ವಾದಕ್ಕೂ ಜಾಗವಿಲ್ಲ. 1970ರ ದಶಕದಲ್ಲಿ ಅಮೆರಿಕದ ಕೆಲವು ವಕೀಲರು, ಕಾನೂನು ನಿಷೇಧಿಸಿರುವುದು ಸಟೈವಾವನ್ನು, ನಮ್ಮ ಕಕ್ಷಿದಾರನ ಬಳಿ ಇದ್ದದ್ದು ಬೇರೆ ಪ್ರಭೇದ ಎಂದು ವಾದಿಸಿ ಸಸ್ಯವಿಜ್ಞಾನಿಗಳನ್ನು ಸಾಕ್ಷಿಕಟ್ಟೆಗೆ ಕರೆತಂದಿದ್ದರು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ನಮ್ಮ ಎನ್‌ಡಿಪಿಎಸ್ ಕಾಯ್ದೆ ‘ಕ್ಯಾನಬಿಸ್ ಕುಲದ ಯಾವುದೇ ಗಿಡ’ ಎಂದುಬಿಟ್ಟಿದೆ. ವೋಲ್ಗಾದ ಕಳೆಯೂ ಅದರಲ್ಲಿ ಬಂತು. ಗಾಂಜಾ ಇಟ್ಟುಕೊಂಡವರಿಗೆ ಒಂದು ಕಿಲೋ ತನಕ ‘ಅಲ್ಪ ಪ್ರಮಾಣ’ ಎಂಬ ರಿಯಾಯಿತಿ ಇದೆ. ಬೆಳೆದವರಿಗೆ ಅಂಥ ಮೆಟ್ಟಿಲಿಲ್ಲ, 20ನೇ ಕಲಮಿನ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಓದಿಗೋ ಕೆಲಸಕ್ಕೋ ಮ್ಯೂನಿಕ್, ಬರ್ಲಿನ್, ಟೊರಾಂಟೊ ಸೇರಿರುವ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಲೇಬೇಕು. ಜರ್ಮನಿಯಲ್ಲಿ ಗಿಡ ಬೆಳೆಯುವ ಹಕ್ಕು ಕನಿಷ್ಠ ಆರು ತಿಂಗಳಿಂದ ಅಲ್ಲಿ ನೆಲೆಸಿದವರಿಗೆ ಮಾತ್ರ. ಹೊಸದಾಗಿ ವಿಮಾನ ಇಳಿದವರಿಗೆ ಅದಿಲ್ಲ. ಆರು ತಿಂಗಳು ಕಳೆದ ಮೇಲೂ ಎನ್‌ಡಿಪಿಎಸ್ ಕಾಯ್ದೆಯ ಮೊದಲನೇ ಕಲಮು ಬೆನ್ನಿಗಿರುತ್ತದೆ: 2001ರ ತಿದ್ದುಪಡಿಯ ನಂತರ ಆ ಕಾಯ್ದೆ ಭಾರತದ ಹೊರಗಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆ. ಜರ್ಮನಿಯ ಪೊಲೀಸರು ಕೇಳದ ಮೂರು ಗಿಡಗಳು, ಭಾರತದ ಪಾಸ್‌ಪೋರ್ಟ್ ಇರುವವರ ಬಾಲ್ಕನಿಯಲ್ಲಿ, ಭಾರತದ ಕಾಯ್ದೆಯ ಪುಸ್ತಕದಲ್ಲಿ ಅಪರಾಧವಾಗಿಯೇ ಉಳಿದಿವೆ. ಆ ಗಿಡದ ಒಣಹೂವು ಒಂದೇ ಒಂದು ಗ್ರಾಂ ಬ್ಯಾಗಿನ ಮೂಲೆಯಲ್ಲಿ ಉಳಿದು ದೇವನಹಳ್ಳಿಯಲ್ಲಿ ಇಳಿದರೂ, ಅದು ಆಮದಿನ ಪ್ರಕರಣ.